ಮೊದಲ ಆಡಿಯೋ ಇಂಟರ್‌ಫೇಸ್: ಮೂರು ಪಿನ್ನಿನ ಎರಡು ತೂತು ಸಾಕು

ಕಪ್ಪುತಲೆ ಹುಳದ ಪೋಸ್ಟಿಗೆ ಬಂದ ಪ್ರಶ್ನೆಗಳಿಗೆ ಬೇರೆಯಾಗಿ ಉತ್ತರ ಬರೀತೀನಿ, ಕಾಯ್ಕೊಳಿ. ಇವತ್ತಿನದು ತೋಟದ ವಿಷಯ ಅಲ್ಲ. ಆದ್ರೆ ಕೊಬ್ಬರಿ ದುಡ್ಡು ಎಲ್ಲಿಗೆ ಹೋಗ್ತಿದೆ ಅನ್ನೋ ವಿಷಯ, ಹಾಗಾಗಿ ಇಲ್ಲಿ ಬರೆದರೆ ತಪ್ಪಿಲ್ಲ ಅನ್ಕೊಂಡಿದೀನಿ.

ಈ ಒಂದು ತಿಂಗಳಲ್ಲಿ ಮೂರು ಜನ ಒಂದೇ ಪ್ರಶ್ನೆ ಕೇಳಿದರು. ಒಬ್ಬರು ನಮ್ಮ ಭಜನೆ ಮಂಡಳಿಯಲ್ಲಿ ಹಾರ್ಮೋನಿಯಂ ನುಡಿಸೋ ಅಣ್ಣ. ಇನ್ನೊಬ್ಬ ಪಿಯುಸಿ ಮುಗಿಸಿ ಮನೇಲಿರೋ ಹುಡುಗ, ಜಾನಪದ ಗೀತೆ ಹಾಡಿ ಯೂಟ್ಯೂಬಿಗೆ ಹಾಕ್ತಾನೆ, ಕಂಠ ಚೆನ್ನಾಗಿದೆ. ಮೂರನೆಯವರು ಕೆರೆ ಕೆಳಗಿನ ತೋಟದ ಅಕ್ಕ. ಅವರ ಅತ್ತೆಗೆ ಎಂಬತ್ತು ದಾಟಿದೆ. ಹಸೆಗೆ ಕರೆಯೋದರಿಂದ ಹಿಡಿದು ಹೆಣ್ಣು ಒಪ್ಪಿಸೋವರೆಗೆ ಸೋಬಾನೆ ಪದ ಪೂರ್ತಿ ಬರುತ್ತೆ ಆ ಅಜ್ಜಿಗೆ. "ಅವ್ರು ಇರೋವಾಗ್ಲೇ ಒಂದ್ ಕಡೆ ಹಿಡಿದಿಡ್ಬೇಕು ಕಣಣ್ಣ, ನಮ್ಗೆ ಅರ್ಧನೂ ಬರಲ್ಲ" ಅಂದರು. ಮನೆಯಲ್ಲೇ ರೆಕಾರ್ಡ್ ಮಾಡೋಕೆ ಆಡಿಯೋ ಇಂಟರ್‌ಫೇಸ್ ಅಂತ ಒಂದು ಬೇಕಂತೆ, ಯಾವುದು ತಗೊಳ್ಳೋದು, ಅನ್ನೋದು ಮೂವರ ಪ್ರಶ್ನೆ.

ಹುಡುಗನ ಕೈಲಿ ಅಂಗಡಿಯವರು ಬರೆದುಕೊಟ್ಟ ಚೀಟಿ ಇತ್ತು. ಎಂಟು ಮೈಕಿನ ಬಾಕ್ಸು, ಸ್ಟುಡಿಯೋ ಮೈಕು, ಗೋಡೆಗೆ ಅಂಟಿಸೋ ಫೋಮು, ಎಲ್ಲ ಸೇರಿ 46,000. ಕಂತಿನ ಮೇಲೆ ಕೊಡ್ತಾರಂತೆ. ಅವನು ಹಾಡೋನು ಒಬ್ಬನೇ. ಎಂಟು ಮೈಕು ಯಾರ ಬಾಯಿಗೆ ಹಿಡೀತಾನೆ? ಅವರಪ್ಪ ಆ ಚೀಟಿ ಮಡಚಿ ಜೇಬಿಗಿಟ್ಟುಕೊಂಡು ಏನೂ ಮಾತಾಡಲಿಲ್ಲ. ಆ ಮೌನ ನಮಗೆಲ್ಲ ಗೊತ್ತಿರೋದೇ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ. ನಮ್ಮಂಥ ಮನೆಗಳಿಗೆ ಮೊದಲ ಇಂಟರ್‌ಫೇಸ್ ಅಂದ್ರೆ ಎರಡು ಮೈಕು ಹಿಡಿಯೋ, ಲ್ಯಾಪ್‌ಟಾಪಿನ ಯುಎಸ್‌ಬಿ ಕರೆಂಟಲ್ಲೇ ಓಡೋ ಸಾದಾ ಬಾಕ್ಸು. ಒಂದು ಮೈಕಿನದು ಬೇಡ, ಎಂಟು ಮೈಕಿನದು ಬೇಡವೇ ಬೇಡ. ಇಟ್ಟಿರೋ ದುಡ್ಡಲ್ಲಿ ಬಾಕ್ಸಿಗೆ ಅರ್ಧಕ್ಕಿಂತ ಜಾಸ್ತಿ ಹಾಕಬೇಡಿ. ನಾನು ಸೌಂಡ್ ಇಂಜಿನಿಯರ್ ಅಲ್ಲ, ಆರು ವರ್ಷದಿಂದ ಮನೆಯ ಒಳಕೋಣೇಲಿ ಭಜನೆ, ತತ್ವಪದ ರೆಕಾರ್ಡ್ ಮಾಡ್ಕೊಂಡು ಬಂದಿರೋನು. ಕಾರಣಗಳನ್ನ ಬಿಡಿಸಿ ಬರೀತೀನಿ.

ಮೊದಲು ಈ ಬಾಕ್ಸು ಮಾಡೋ ಕೆಲಸ ಏನು ಅಂತ. ಮೈಕಿಂದ ಬರೋ ಸಿಗ್ನಲ್ಲು ಮಿಲಿವೋಲ್ಟ್ ಲೆಕ್ಕದ್ದು, ಬಲು ಸಣ್ಣದು. ಅದನ್ನ ಎತ್ತಿ ಕೊಡಬೇಕು, ಆಮೇಲೆ ಅಂಕಿಗಳಾಗಿ ಮಾಡಿ ಕಂಪ್ಯೂಟರಿಗೆ ಕಳಿಸಬೇಕು, ರೆಕಾರ್ಡ್ ಆಗಿದ್ದನ್ನ ವಾಪಸ್ ಹೆಡ್‌ಫೋನಿಗೆ ಕೊಡಬೇಕು. ಇಷ್ಟೇ. ಇದು ರೆಕಾರ್ಡಿಂಗಿನ ಪಂಪ್‌ಸೆಟ್ಟು ಅನ್ಕೊಳಿ. ಬೋರಲ್ಲಿ ನೀರಿಲ್ಲದಿದ್ದರೆ ಎಷ್ಟು ಎಚ್‌ಪಿ ಮೋಟರ್ ಇಳಿಸಿದರೂ ನೀರು ಬರಲ್ಲ. ಹಾಗೇ ಕೋಣೆ ಸರಿಯಿಲ್ಲ, ಮೈಕು ಸರಿಯಾದ ಜಾಗದಲ್ಲಿಲ್ಲ ಅಂದ್ರೆ ಯಾವ ಬಾಕ್ಸೂ ದನಿ ಚೆನ್ನಾಗಿ ಮಾಡಲ್ಲ.

"ಫೋನಲ್ಲೇ ಆಗುತ್ತಲ್ಲ" ಅನ್ನೋರಿಗೆ: ಬರೀ ಮಾತಾದ್ರೆ ಆಗುತ್ತೆ. ತೋಟದ ವಿಡಿಯೋ ಮಾಡೋರು ಕಾಲರಿಗೆ ಸಿಗಿಸೋ ಚಿಕ್ಕ ಮೈಕು ತಗೊಳಿ, ಮುಂದೆ ಓದೋದೇ ಬೇಡ. ಹಾಡಿಗೆ ಬಂದಾಗ ತೊಂದರೆ. ಹಲವು ಫೋನುಗಳು ದನಿಯನ್ನ ತಾವಾಗಿಯೇ ಏರಿಸಿ ಇಳಿಸಿ ಮಾಡ್ತವೆ, ಒಂದೇ ಸಮ ಬರೋ ಸದ್ದನ್ನ ಗಲಾಟೆ ಅಂತ ತಿಳಿದು ಒತ್ತಿಬಿಡ್ತವೆ. ಏಕತಾರಿ, ಶ್ರುತಿಪೆಟ್ಟಿಗೆ, ಹಾರ್ಮೋನಿಯಂ ಹಿಡಿದ ಸ್ವರ, ಇವೆಲ್ಲ ಒಂದೇ ಸಮ ಬರೋ ಸದ್ದೇ. ಭಜನೆ ರೆಕಾರ್ಡಿಂಗಲ್ಲಿ ಶ್ರುತಿ ಒಮ್ಮೆ ಕೇಳಿಸಿ ಒಮ್ಮೆ ಮುಳುಗೋದು ಯಾಕೆ ಅಂತ ಆ ಹಾರ್ಮೋನಿಯಂ ಅಣ್ಣ ಕೇಳಿದ್ದರು. ಬಹುಶಃ ಇದಕ್ಕೇ.

ಈಗ ತೂತಿನ ಲೆಕ್ಕ. ಅಂಗಡೀಲಿ ಬಾಕ್ಸಿನ ಮೇಲೆ "2 ಇನ್, 2 ಔಟ್" ಅಂತ ಬರೆದಿರುತ್ತೆ. ಎರಡು ಮೈಕು ಹಾಕಬಹುದು ಅಂತ ತಿಳಿದು ಮನೆಗೆ ತಂದರೆ ಒಂದೇ ಮೈಕು ಹಿಡಿಯುತ್ತೆ. ಬೆಹ್ರಿಂಗರ್ ಯುಎಂ2, ಫೋಕಸ್‌ರೈಟಿನ ಸ್ಕಾರ್ಲೆಟ್ ಸೋಲೋ, ಎರಡರಲ್ಲೂ ಮೈಕಿಗೆ ಇರೋದು ಒಂದೇ ಜಾಗ. ಎರಡನೇ ತೂತು ಗಿಟಾರಿಗೋ ಕೀಬೋರ್ಡಿಗೋ ಇರೋದು. ಅವು ಕೆಟ್ಟ ಬಾಕ್ಸ್ ಅಂತ ಹೇಳ್ತಿಲ್ಲ, ಗಿಟಾರು ಹಿಡಿದು ಒಬ್ಬನೇ ಹಾಡೋನಿಗೆ ಅಂತಲೇ ಮಾಡಿರೋದು. ನಮ್ಮ ಕಡೆ ಗಿಟಾರು ಯಾರ ಮನೇಲಿದೆ? ಹಾರ್ಮೋನಿಯಂಗೆ ವೈರು ಚುಚ್ಚೋ ಜಾಗ ಇಲ್ಲ, ಅದಕ್ಕೂ ಮೈಕೇ ಇಡಬೇಕು. ಅದಕ್ಕೆ ಅಂಕಿ ಓದಬೇಡಿ, ಮುಂದುಗಡೆ ಮೂರು ಪಿನ್ನಿನ ದುಂಡನೆ ತೂತು ಎಷ್ಟಿವೆ ಅಂತ ಬೆರಳಿಟ್ಟು ಎಣಿಸಿ. ಅದಕ್ಕೆ ಎಕ್ಸ್‌ಎಲ್‌ಆರ್ ಅಂತಾರೆ. ಕೆಲವು ಹೊಸ ಮಾದರಿಯಲ್ಲಿ ಅದು ಹಿಂದುಗಡೆ ಇರುತ್ತೆ, ತಿರುಗಿಸಿ ನೋಡಿ. ಎರಡು ಇರಬೇಕು.

ಎರಡು ಯಾಕೆ ಬೇಕೇ ಬೇಕು ಅಂತ ಸೋಬಾನೆ ಪದದಿಂದ ಹೇಳ್ತೀನಿ. ಒಬ್ಬರು ಎತ್ತಿಕೊಡ್ತಾರೆ, ಉಳಿದ ನಾಲ್ಕೈದು ಜನ ಸೊಲ್ಲು ಹಿಡೀತಾರೆ. ಒಂದೇ ಮೈಕು ಮಧ್ಯ ಇಟ್ಟರೆ ಗಟ್ಟಿ ಗಂಟಲಿನೋರು ಯಾರೋ ಅವರದ್ದೇ ಕೇಳಿಸುತ್ತೆ, ಎತ್ತಿಕೊಡೋ ಅಜ್ಜಿ ದನಿ ಒಳಗೆ ಹೋಗುತ್ತೆ. ನಮಗೆ ಬೇಕಾಗಿರೋದೇ ಅಜ್ಜಿ ಪದ. ಒಂದು ಮೈಕು ಅಜ್ಜಿಗೆ, ಇನ್ನೊಂದು ಸೊಲ್ಲಿನವರಿಗೆ ಇಟ್ಟರೆ ಎರಡೂ ಬೇರೆ ಬೇರೆ ದಾರಿಯಲ್ಲಿ ದಾಖಲಾಗುತ್ತೆ. ನಾಳೆ ಕೂತ್ಕೊಂಡು ಅಜ್ಜಿಯದ್ದನ್ನ ಏರಿಸಬಹುದು, ಪದದ ಮಾತು ಗೊತ್ತಾಗದೇ ಇರೋ ಕಡೆ ಅದೊಂದನ್ನೇ ಕೇಳಿ ಬರ್ಕೊಬಹುದು. ಚಳ್ಳಕೆರೆ ಕಡೆಯ ಸಿರಿಯಜ್ಜಿ ಸಾವಿರಾರು ಪದ ಹೇಳ್ತಿದ್ದರು, ಕೃಷ್ಣಮೂರ್ತಿ ಹನೂರರು ಅವರ ಪದಗಳನ್ನ ಸಂಗ್ರಹ ಮಾಡಿದರು. ಪುಸ್ತಕದಲ್ಲಿ ಮಾತು ಉಳಿಯುತ್ತೆ. ಎಲ್ಲಿ ಎಳೀತಾರೆ, ಎಲ್ಲಿ ಉಸಿರು ತಗೋತಾರೆ, ಯಾವ ಧಾಟಿ, ಅದು ದನಿಯಲ್ಲೇ ಉಳೀಬೇಕು.

ಭಜನೆಗೂ ಇದೇ ಲೆಕ್ಕ. ಹಾಡೋರಿಗೊಂದು, ಹಾರ್ಮೋನಿಯಂಗೊಂದು. ತಬಲಾ, ತಾಳ ಹೇಗೂ ಎರಡರಲ್ಲೂ ಬಂದೇ ಬರುತ್ತೆ, ಬೇಡ ಅಂದ್ರೂ ಬರುತ್ತೆ. ಮೂಡಲಪಾಯ ಮಾಡೋ ನಮ್ಮ ಕೆಳಗಿನ ಹಟ್ಟಿಯವರು ಮುಖವೀಣೆ, ಮದ್ದಳೆಗೆಲ್ಲ ಬೇರೆ ಬೇರೆ ಮೈಕು ಬೇಕಲ್ಲ ಅಂತ ಕೇಳಬಹುದು. ಮುಖವೀಣೆ ಎಷ್ಟು ದೂರ ಕೂತರೂ ಮೈಕಿಗೆ ಬೀಳುತ್ತೆ. ಅದನ್ನ ಹತ್ತು ಹೆಜ್ಜೆ ಹಿಂದೆ ಕೂರಿಸೋದೇ ಅದರ ಮಿಕ್ಸಿಂಗು.

ಎಂಟು ಮೈಕಿನ ಬಾಕ್ಸು ತಂದರೆ ಎಂಟು ಮೈಕು, ಎಂಟು ಕೇಬಲ್, ಎಂಟು ಸ್ಟ್ಯಾಂಡು, ಆಮೇಲೆ ಅದನ್ನೆಲ್ಲ ಒಂದು ಹದಕ್ಕೆ ತರೋ ವಿದ್ಯೆ, ಎಲ್ಲ ಬೇಕು. ಜೊತೆಗೆ ಅಂಥವು ಯುಎಸ್‌ಬಿ ಕರೆಂಟಲ್ಲಿ ಓಡಲ್ಲ, ಅಡಾಪ್ಟರ್ ಚುಚ್ಚಬೇಕು. ಇನ್ನು ಕೆಲವರು ಮದುವೆ ಮನೆ ಮೈಕ್‌ಸೆಟ್ಟಿನವರ ಮಾತು ಕೇಳಿ ಯುಎಸ್‌ಬಿ ಇರೋ ಮಿಕ್ಸರ್ ತರ್ತಾರೆ. ಅಲ್ಲೂ ಒಂದು ವಿಷಯ ತಿಳ್ಕೊಳಿ: ಸಣ್ಣ ಮಿಕ್ಸರುಗಳಲ್ಲಿ ಬಹಳಷ್ಟು ಎಲ್ಲ ಮೈಕನ್ನೂ ಒಟ್ಟಿಗೆ ಕಲಸಿ ಎರಡೇ ದಾರಿಯಲ್ಲಿ ಕಂಪ್ಯೂಟರಿಗೆ ಕಳಿಸ್ತವೆ. ಹಾಲಿಗೆ ಬಿದ್ದ ನೀರಿನಂಗೆ, ಆಮೇಲೆ ಬೇರೆ ಮಾಡೋಕಾಗಲ್ಲ. ಮಿಕ್ಸರ್ ದೇವಸ್ಥಾನದ ಮುಂದೆ ಕಾರ್ಯಕ್ರಮ ನಡೆಸೋಕೆ ಸರಿ.

ಕರೆಂಟಿನ ವಿಷಯಕ್ಕೆ ಬರೋಣ, ಯಾಕಂದ್ರೆ ಪೇಟೆಯವರು ಮಾಡೋ ವಿಡಿಯೋಗಳಲ್ಲಿ ಇದನ್ನ ಯಾರೂ ಹೇಳಲ್ಲ. ಯುಎಸ್‌ಬಿ 2.0 ಕೊಡೋದು 5 ವೋಲ್ಟಲ್ಲಿ 500 ಮಿಲಿಆಂಪ್, ಅಂದ್ರೆ ಎರಡೂವರೆ ವ್ಯಾಟು. ಎರಡು ಮೈಕಿನ ಸಾದಾ ಬಾಕ್ಸುಗಳಲ್ಲಿ ಹೆಚ್ಚಿನವು ಇಷ್ಟರಲ್ಲೇ ಓಡ್ತವೆ. ಯುಎಸ್‌ಬಿ-ಸಿ ತೂತಿನ ಹೊಸ ಮಾದರಿ ಕೆಲವಕ್ಕೆ ಇನ್ನು ಸ್ವಲ್ಪ ಜಾಸ್ತಿ ಬೇಕು, ಹಳೇ ಲ್ಯಾಪ್‌ಟಾಪ್ ಇಟ್ಟಿರೋರು ಕೇಳಿ ತಗೊಳಿ. ಲ್ಯಾಪ್‌ಟಾಪ್ ಬ್ಯಾಟರಿ ಮೇಲೆ ಪೂರ್ತಿ ಸೆಟ್ಟು ನಡೆಯುತ್ತೆ ಅನ್ನೋದು ನಮಗೆ ಸಣ್ಣ ಲಾಭ ಅಲ್ಲ. ಕರೆಂಟು ಹೋದರೂ ಹಾಡು ನಿಲ್ಲಲ್ಲ. ನಿಜ ಹೇಳಬೇಕಂದ್ರೆ ಕರೆಂಟು ಹೋದ ಹೊತ್ತೇ ನಮ್ಮ ಸ್ಟುಡಿಯೋ. ಫ್ಯಾನಿಲ್ಲ, ಫ್ರಿಜ್ಜಿಲ್ಲ, ಪಕ್ಕದ ಮನೆ ಟಿವಿ ಇಲ್ಲ, ಮೋಟರಿಲ್ಲ. ನಾನು ಉಳಿಸ್ಕೊಂಡಿರೋ ಒಳ್ಳೇ ರೆಕಾರ್ಡಿಂಗುಗಳಲ್ಲಿ ಅರ್ಧಕ್ಕರ್ಧ ಲೋಡ್‌ಶೆಡ್ಡಿಂಗ್ ಹೊತ್ತಿನವು. ಬೆಸ್ಕಾಂನವರಿಗೆ ಧನ್ಯವಾದ ಹೇಳೋ ಸಂದರ್ಭ ಇದೊಂದೇ!

ಇನ್ನು ಆ ಗುಂಯ್ ಅನ್ನೋ ಸದ್ದು. ನಮ್ಮ ಕರೆಂಟು 50 ಹರ್ಟ್ಸಿನದು, ಅರ್ತಿಂಗ್ ಸರಿ ಇಲ್ಲದ ಮನೇಲಿ 50, 100 ಹರ್ಟ್ಸಿನ ಗುಂಯ್ಗಾಟ ಹೆಡ್‌ಫೋನಲ್ಲಿ ಕೇಳಿಸುತ್ತೆ. ಬಾಕ್ಸು ಕೆಟ್ಟಿದೆ ಅಂತ ವಾಪಸ್ ಕಳಿಸೋ ಮುಂಚೆ ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ನೋಡಿ. ಸದ್ದು ನಿಂತರೆ ದೋಷ ಬಾಕ್ಸಿನದ್ದಲ್ಲ, ಚಾರ್ಜರಿಂದಲೋ ಅರ್ತಿಂದಲೋ ಬರ್ತಿರೋದು. ಬ್ಯಾಟರಿ ಮೇಲೆ ರೆಕಾರ್ಡ್ ಮಾಡಿ, ಮುಗೀತು. ಪ್ಲಗ್ಗಿನ ಅರ್ತ್ ಪಿನ್ನು ಮುರಿದರೆ ಸದ್ದು ಹೋಗುತ್ತೆ ಅಂತ ಯಾರಾದ್ರೂ ಹೇಳಿದರೆ ಅವರ ಮಾತು ಕೇಳಬೇಡಿ. ಸದ್ದಿನ ಜೊತೆ ಮನುಷ್ಯನೂ ಹೋಗ್ತಾನೆ. ಅರ್ತ್ ಗುಂಡಿಗೆ ಬೇಸಿಗೇಲಿ ನೀರು ಹಾಕೋದು ರೆಕಾರ್ಡಿಂಗಿಗಿಂತ ಮೊದಲು ಮಾಡಬೇಕಾದ ಕೆಲಸ, ಅದು ಮೋಟರಿಗೂ ಒಳ್ಳೇದು.

ಕೇಬಲ್ಲೂ ಇದಕ್ಕೇ ಸೇರಿದ್ದು. ಎರಡೂ ಕಡೆ ಮೂರು ಪಿನ್ನಿರೋ ಕೇಬಲ್ಲಲ್ಲಿ ಒಂದೇ ಸಿಗ್ನಲ್ಲು ಎರಡು ತಂತಿಯಲ್ಲಿ ಒಂದಕ್ಕೊಂದು ಉಲ್ಟಾ ಆಗಿ ಬರುತ್ತೆ, ದಾರೀಲಿ ಸೇರಿಕೊಂಡ ಸದ್ದು ಕೊನೇಲಿ ಒಂದಕ್ಕೊಂದು ವಜಾ ಆಗುತ್ತೆ. ಮೈಕ್‌ಸೆಟ್ಟಿನವರ ಹತ್ತಿರ ಸಿಗೋ ಒಂದು ಕಡೆ ಉದ್ದ ಪಿನ್ನಿನ ಅಗ್ಗದ ಕೇಬಲ್ಲಲ್ಲಿ ಈ ಅನುಕೂಲ ಇಲ್ಲ. ನೂರಿನ್ನೂರು ರೂಪಾಯಿ ಉಳಿಸೋಕೆ ಹೋಗಿ ಗುಂಯ್ಗಾಟ ಮನೆಗೆ ತರಬೇಡಿ.

ಈಗ ನಂಬರಿನ ಮಾತು. ಬಾಕ್ಸಿನ ಮೇಲೆ "24 ಬಿಟ್, 192 ಕಿಲೋಹರ್ಟ್ಸ್" ಅಂತ ದಪ್ಪಕ್ಷರದಲ್ಲಿ ಹಾಕಿರ್ತಾರೆ. ನೋಡಿದ್ರೆ ದೊಡ್ಡದೇ ಒಳ್ಳೇದು ಅನ್ಸುತ್ತೆ. ಮನುಷ್ಯನ ಕಿವಿಗೆ ಕೇಳೋದು ಹೆಚ್ಚೆಂದರೆ 20 ಕಿಲೋಹರ್ಟ್ಸ್‌ವರೆಗೆ, ವಯಸ್ಸಾದಂಗೆ ಅದೂ ಇಳಿಯುತ್ತೆ. ಟಿಲ್ಲರ್ ಹಿಡಿದ ನಮ್ಮ ಕಿವಿಗಳ ಕಥೆ ಕೇಳೋದೇ ಬೇಡ. 48 ಕಿಲೋಹರ್ಟ್ಸಲ್ಲಿ ರೆಕಾರ್ಡ್ ಮಾಡಿದರೆ 24ರವರೆಗಿನ ಸ್ವರ ಪೂರ್ತಿ ಸಿಗುತ್ತೆ, ಸಾಕೋ ಸಾಕು. ಎರಡು ಮೈಕನ್ನ 24 ಬಿಟ್, 48ರಲ್ಲಿ ಒಂದು ಗಂಟೆ ಹಿಡಿದರೆ ಒಂದು ಜಿಬಿ ಚಿಲ್ಲರೆ ಆಗುತ್ತೆ, 192ರಲ್ಲಿ ನಾಲ್ಕು ಜಿಬಿ ದಾಟುತ್ತೆ. ಜಾಸ್ತಿ ಆಗೋದು ಹಾರ್ಡ್‌ಡಿಸ್ಕಿನ ಖರ್ಚು ಮಾತ್ರ. 24 ಬಿಟ್ ಇರಲಿ, ಅದು ನಿಜವಾಗಿ ಉಪಯೋಗಕ್ಕೆ ಬರುತ್ತೆ. ನಮ್ಮ ಹಾಡುಗಾರರು ಮೆಲ್ಲಗೆ ಶುರು ಮಾಡಿ ಮೂರನೇ ನುಡಿಗೆ ಮಾಳಿಗೆ ಹಾರಿಸ್ತಾರೆ. ಗೇನ್ ತಗ್ಗಿಸಿ, ಕಂಪ್ಯೂಟರಿನ ಮೀಟರಲ್ಲಿ ಜೋರು ಸ್ವರ ಮೈನಸ್ 12ರ ಹತ್ತಿರ ನಿಲ್ಲೋ ಹಂಗೆ ಇಟ್ಟುಕೊಳಿ. ಆಮೇಲೆ ಏರಿಸಬಹುದು, ಒಡೆದ ದನಿ ಮಾತ್ರ ಕೂಡಿಸೋಕಾಗಲ್ಲ.

ನೋಡಬೇಕಾದ ನಂಬರು ಬೇರೆ ಇದೆ, ಅದನ್ನ ಸಣ್ಣಕ್ಷರದಲ್ಲಿ ಹಾಕಿರ್ತಾರೆ: ಮೈಕಿನ ಗೇನ್ ಎಷ್ಟು ಡಿಬಿ ಅಂತ. ಯಾಕೆ ಮುಖ್ಯ ಅಂದ್ರೆ ನಾನು ನಮ್ಮ ಮನೆಗಳಿಗೆ ಹೇಳೋದು ಡೈನಾಮಿಕ್ ಮೈಕು. ಶೂರ್ ಎಸ್‌ಎಂ58 ಅಂತ ವೇದಿಕೆ ಮೇಲೆ ನೋಡ್ತೀರಲ್ಲ, ತಲೆ ಮೇಲೆ ದುಂಡು ಜಾಲರಿ ಇರೋದು, 1966ರಿಂದ ಬರ್ತಿದೆ, ಆ ಜಾತಿಯದು. ಬಾಯಿ ಹತ್ತಿರ ಇದ್ದಿದ್ದನ್ನ ಹಿಡಿಯುತ್ತೆ, ದೂರದ ಕೋಳಿ, ಟ್ರ್ಯಾಕ್ಟರು, ಕೊಟ್ಟಿಗೆ ಸದ್ದು ಅಷ್ಟಾಗಿ ಒಳಗೆ ಬಿಡಲ್ಲ. ಕಂಡೆನ್ಸರ್ ಮೈಕು ಸೂಕ್ಷ್ಮ, ಶಾಂತ ಕೋಣೇಲಿ ಚೆಂದ. ಹೆಂಚಿನ ಮನೇಲಿ ಅದು ಅಳಿಲು ಓಡಾಡಿದ್ದನ್ನೂ ಬರ್ಕೊಳುತ್ತೆ. ಡೈನಾಮಿಕ್ಕಿಗೆ 48 ವೋಲ್ಟ್ ಬೇಕಿಲ್ಲ, ಆದ್ರೆ ಗೇನ್ ಜಾಸ್ತಿ ಬೇಕು, ಮೆಲ್ಲಗೆ ಹಾಡೋ ಅಜ್ಜಿಗೆ 50ರಿಂದ 60 ಡಿಬಿವರೆಗೂ. ಸ್ಕಾರ್ಲೆಟ್ 2ಐ2 ಮೂರನೇ ತಲೆಮಾರಿನಲ್ಲಿ ಇದು 56, 2023ರಲ್ಲಿ ಬಂದ ನಾಲ್ಕನೇದರಲ್ಲಿ 69. ಇಂಥ ಸುಧಾರಣೆಗೆ ನೂರು ರೂಪಾಯಿ ಜಾಸ್ತಿ ಕೊಟ್ಟರೂ ನ್ಯಾಯ ಇದೆ, 192ಕ್ಕೆ ಇಲ್ಲ. 48 ವೋಲ್ಟಿನ ಗುಂಡಿ ಮಾತ್ರ ಇರಲೇಬೇಕು, ಮುಂದೆ ಯಾರಾದ್ರೂ ಕಂಡೆನ್ಸರ್ ತಂದಾಗ ಬೇಕಾಗುತ್ತೆ.

ಇನ್ನೊಂದು ಗುಂಡಿ ಡೈರೆಕ್ಟ್ ಮಾನಿಟರ್. ಹೆಡ್‌ಫೋನ್ ಹಾಕಿ ಹಾಡುವಾಗ ದನಿ ಕಂಪ್ಯೂಟರಿಗೆ ಹೋಗಿ ವಾಪಸ್ ಬರೋ ಹೊತ್ತಿಗೆ ತಡ ಆದರೆ ತಾಳ ತಪ್ಪುತ್ತೆ. ಈ ಗುಂಡಿ ಒತ್ತಿದರೆ ಬಾಕ್ಸಿಂದಲೇ ನೇರ ಕಿವಿಗೆ ಬರುತ್ತೆ. ಹಳೇ ಲ್ಯಾಪ್‌ಟಾಪ್ ಇರೋರಿಗೆ ಇದು ಬಹಳ ಮುಖ್ಯ. ಲ್ಯಾಪ್‌ಟಾಪ್ ಹೊಸದು ತಗೊಳ್ಳೋ ಖರ್ಚು ಉಳಿಸಿದಂಗೆ.

ರೇಟು. ನಾನು ವಿಚಾರಿಸಿದ ಮಟ್ಟಿಗೆ ಒಂದು ಮೈಕಿನ ಅಗ್ಗದವು ಐದು ಸಾವಿರದೊಳಗೆ, ಬೆಹ್ರಿಂಗರ್ ಯುಎಂಸಿ202ಎಚ್‌ಡಿ ಥರದ ಎರಡು ಮೈಕಿನವು ಹತ್ತರ ಆಸುಪಾಸು, ಸ್ಕಾರ್ಲೆಟ್ 2ಐ2, ಮೋಟು ಎಂ2 ಥರದವು ಅದಕ್ಕಿಂತ ಸಾಕಷ್ಟು ಮೇಲೆ. ದಿನಾ ಬದಲಾಗುತ್ತೆ, ಎರಡು ಕಡೆ ಕೇಳಿ. ಕೈಲಿ ಇಪ್ಪತ್ತು ಸಾವಿರ ಇದ್ದರೆ ಹತ್ತರದ್ದು ತಗೊಂಡು ಉಳಿದದ್ದನ್ನ ಮೈಕು, ಸ್ಟ್ಯಾಂಡು, ಕೇಬಲ್ಲು, ಕಿವಿ ಪೂರ್ತಿ ಮುಚ್ಚೋ ಹೆಡ್‌ಫೋನಿಗೆ ಹಾಕಿ. ದುಬಾರಿ ಬಾಕ್ಸು, ಬರೀ ಒಂದು ಮೈಕು ಅನ್ನೋದಕ್ಕಿಂತ ಇದು ಮೇಲು. ಸಾಫ್ಟ್‌ವೇರಿಗೆ ದುಡ್ಡು ಬೇಡ, ಆಡಾಸಿಟಿ ಉಚಿತ, ನಮ್ಮ ಕೆಲಸಕ್ಕೆ ಧಾರಾಳ ಆಯ್ತು. ಗೋಡೆಗೆ ಫೋಮೂ ಬೇಡ. ಅಟ್ಟದ ಮೇಲಿರೋ ಹಳೇ ಹಾಸಿಗೆ, ಕಂಬಳಿ ಹಾಡೋರ ಹಿಂದೆ ಪಕ್ಕ ನೇತು ಹಾಕಿ. ರಾಗಿ ಮೂಟೆ ಇಟ್ಟಿರೋ ಕೋಣೆ ಇದ್ದರೆ ಇನ್ನೂ ಒಳ್ಳೇದು, ದನಿ ಗುಂಗಾಡಲ್ಲ.

ಆನ್‌ಲೈನಲ್ಲಿ ಎರಡು ಮೂರು ಸಾವಿರಕ್ಕೆ ಬರೋ ವಿ8 ಸೌಂಡ್ ಕಾರ್ಡು, ಜೊತೆಗೆ ಬಿಎಂ800 ಮೈಕಿನ ಕಿಟ್ಟು ಬಗ್ಗೆ ಕೇಳೋರು ಬಹಳ ಜನ. ಚಪ್ಪಾಳೆ ಸದ್ದು, ನಗೋ ಸದ್ದಿಗೆಲ್ಲ ಗುಂಡಿ ಇರುತ್ತೆ. ಫೋನಲ್ಲಿ ಲೈವ್ ಬಂದು ಮಾತಾಡೋರಿಗೆ ಮಾಡಿದ್ದದು. ಅದರಲ್ಲಿ ಸರಿಯಾದ 48 ವೋಲ್ಟ್ ಇರಲ್ಲ. ಎರಡು ಮೈಕನ್ನ ಬೇರೆ ಬೇರೆ ಹಿಡಿಯೋ ದಾರೀನೂ ಇಲ್ಲ. ಸೋಬಾನೆಗೆ ಅದು ಆಗಲ್ಲ.

ಸೆಕೆಂಡ್‌ಹ್ಯಾಂಡ್ ತಗೊಳ್ಳಬಹುದು, ನನ್ನ ವಿರೋಧ ಇಲ್ಲ. ಎರಡು ನೋಡ್ಕೊಳಿ. ಹಿಂದುಗಡೆ ಫೈರ್‌ವೈರ್ ತೂತಿರೋ ಹಳೇ ದೊಡ್ಡ ಬಾಕ್ಸು ಅಗ್ಗಕ್ಕೆ ಸಿಗುತ್ತೆ, ಈಗಿನ ಲ್ಯಾಪ್‌ಟಾಪಲ್ಲಿ ಆ ತೂತೇ ಇಲ್ಲ. ಅಗ್ಗ ಇರೋದು ಅದಕ್ಕೇ. ಆಮೇಲೆ ಗೇನ್ ತಿರುಪನ್ನ ಮೆಲ್ಲಗೆ ತಿರುಗಿಸಿ ಹೆಡ್‌ಫೋನಲ್ಲಿ ಕೇಳಿ, ಕರಕರ ಅಂದ್ರೆ ಬಿಟ್ಟುಬಿಡಿ.

ನನ್ನ ಮಾತಿಗೆ ಒಂದು ವಿನಾಯಿತಿ ಇದೆ. ಹಾಡೋರನ್ನ ನಿಮ್ಮ ಮನೆಗೆ ಕರೆಯೋ ಬದಲು ನೀವೇ ಹಟ್ಟಿ ಹಟ್ಟಿಗೆ ಹೋಗಿ ರೆಕಾರ್ಡ್ ಮಾಡೋರಾದ್ರೆ ಇಂಟರ್‌ಫೇಸೇ ಬೇಡ. ಜೇಬಲ್ಲಿ ಇಟ್ಕೊಂಡು ಹೋಗೋ ರೆಕಾರ್ಡರ್ ತಗೊಳಿ. ಝೂಮ್ ಎಚ್5, ಎಚ್6 ಥರದವು ಸೆಲ್ಲಲ್ಲಿ ಓಡ್ತವೆ, ಮೂರು ಪಿನ್ನಿನ ಮೈಕೂ ಹಿಡೀತವೆ, ಮನೇಲಿ ಕಂಪ್ಯೂಟರಿಗೆ ಚುಚ್ಚಿದರೆ ಇಂಟರ್‌ಫೇಸಾಗಿಯೂ ಕೆಲಸ ಮಾಡ್ತವೆ. ಕೆರೆ ಕೆಳಗಿನ ಅಕ್ಕನಿಗೂ ಮೊದಲು ಇದನ್ನೇ ಹೇಳೋಣ ಅನ್ಕೊಂಡೆ. ಆದ್ರೆ ಅಜ್ಜಿ ಮನೇಲೇ ಇರ್ತಾರೆ, ಸೊಲ್ಲಿನವರೂ ಅಕ್ಕಪಕ್ಕದವರೇ. ಅವರಿಗೆ ಎರಡು ಮೈಕಿನ ಬಾಕ್ಸೇ ಸರಿ ಅಂತ ಹೇಳಿದೀನಿ.

ರೆಕಾರ್ಡ್ ಮಾಡಿದ್ದನ್ನ ಕೇಳದೇ ನೆಟ್ಟಿಗೆ ಹಾಕಬೇಡಿ ಅಂತಲೂ ಹೇಳಿದೀನಿ. ಅಜ್ಜಿ ಒಪ್ಪಬೇಕು. ಕೆಲವು ಪದ ಮದುವೆ ಮನೆ ಹೆಂಗಸರ ಮಧ್ಯೆ ಮಾತ್ರ ಹೇಳೋವಂಥವು, ಅದನ್ನ ಊರಿಗೆಲ್ಲ ಕೇಳಿಸೋದು ಅವರಿಗೆ ಇಷ್ಟ ಇರಲ್ಲ.

ಹುಡುಗನ ಅಪ್ಪನಿಗೆ ಹೇಳೋದು: ಅಣ್ಣ, ಚೀಟಿ ಹರಿದು ಹಾಕಬೇಡಿ, ಹುಡುಗನ ಆಸೆ ಸುಳ್ಳಲ್ಲ. ಅದರಲ್ಲಿ ಎಂಟು ಮೈಕಿನ ಬಾಕ್ಸು, ಫೋಮು, ಸ್ಟುಡಿಯೋ ಮೈಕು ಹೊಡೆದು ಹಾಕಿ, ಎರಡು ಮೈಕಿನ ಬಾಕ್ಸು, ಒಂದು ಡೈನಾಮಿಕ್ ಮೈಕು ಬರೆಸಿ. ಕಂತಿಲ್ಲದೆ ಆಗುತ್ತೆ. ತಗೊಳ್ಳೋ ಮುಂಚೆ ಕೇಳಿ ನೋಡಬೇಕು ಅನ್ನೋರು ನಮ್ಮ ಮನೆಗೆ ಬನ್ನಿ, ನನ್ನ ಬಾಕ್ಸು, ಎರಡು ಮೈಕು ಮೇಜಿನ ಮೇಲೇ ಇರ್ತವೆ. ಈ ವಾರ ನಮಗೆ ತ್ರೀಫೇಸ್ ಬೆಳಗಿನ ಪಾಳಿ, ಹಾಗಾಗಿ ಸಂಜೆ ಆರರ ಮೇಲೆ ಬಂದರೆ ಮೋಟರ್ ಸದ್ದಿರಲ್ಲ. ನಿಮ್ಮ ಲ್ಯಾಪ್‌ಟಾಪ್ ನೀವೇ ತನ್ನಿ, ಡ್ರೈವರ್ ಕೂರುತ್ತೋ ಇಲ್ಲವೋ ಅಲ್ಲೇ ಗೊತ್ತಾಗುತ್ತೆ.